ಬೆಂದ ಬೆಟ್ಟ, ಮೊದಲ ಮಳೆ



ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗುವ ಸೀಮೆಯಲ್ಲಿ ನಿಂತು ಮಳೆಗೆ ಅಂಜಿರಿ ಎಂದು ಹೇಳುವುದು ಸುಲಭವಲ್ಲ. ಅನಂತಪುರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಮುಂಗಾರನ್ನು ಪಶ್ಚಿಮಘಟ್ಟ ತಡೆಯುತ್ತದೆ, ಹಿಂಗಾರು ಪೂರ್ವ ಕರಾವಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಬಳಲಿರುತ್ತದೆ. ಎರಡು ಮಳೆಗಾಲಗಳ ನಡುವೆ ಸಿಕ್ಕಿಕೊಂಡು ಎರಡರಿಂದಲೂ ವಂಚಿತವಾದ ನೆಲ ನಮ್ಮದು. ಆದರೆ ಮಳೆ ಕಡಿಮೆ ಎಂದ ಮಾತ್ರಕ್ಕೆ ಅದು ಮೆಲ್ಲಗೆ ಬೀಳುತ್ತದೆ ಎಂದಲ್ಲ. ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ, ಆ ದಿನಗಳ ಕೆಲವೇ ಗಂಟೆಗಳಲ್ಲಿ ಸುರಿದು ಹೋಗುತ್ತದೆ. 2022ರ ಅಕ್ಟೋಬರಿನಲ್ಲಿ, ಚಿತ್ತೆ ಮಳೆಯ ಹೊತ್ತಿಗೆ, ಅನಂತಪುರ ಪಟ್ಟಣದ ನಡಿಮಿವಂಕ ಉಕ್ಕಿ ಬಡಾವಣೆಗಳಿಗೆ ನುಗ್ಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಇನ್ನೂ ಹಿಂದೆ, 1851ರ ಮೇ ತಿಂಗಳ ಬಿರುಗಾಳಿ ಮಳೆಗೆ ಅಂದಿನ ಬಳ್ಳಾರಿ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಒಡೆದವು, ಹಗರಿ ದಂಡೆಯ ಗೂಳ್ಯಂ ಗ್ರಾಮ ಕೊಚ್ಚಿಹೋಯಿತು. ನಮ್ಮ ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೇ ಸೇರಿದ ತಾಲ್ಲೂಕು. ಆ ಮಳೆ ಬಂದದ್ದು ಮೇ ತಿಂಗಳಲ್ಲಿ ಎಂಬುದನ್ನು ನೆನಪಿಡಿ, ಅಂದರೆ ಬೇಸಿಗೆಯ ಬೆಂಕಿಯ ಕಾಲ ಮುಗಿದ ಮೇಲೆ ನೆಲ ಇನ್ನೂ ಹಸಿರಾಗದ ಹೊತ್ತಿನಲ್ಲಿ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಬೆಟ್ಟಗಳ ಮೇಲೆ ರಾತ್ರಿ ಹೊತ್ತು ಬೆಂಕಿಯ ಸಾಲು ಕಾಣಿಸುತ್ತದೆ. ಅದನ್ನು ಬೇಸಿಗೆಯ ವಿಷಯ, ಅರಣ್ಯ ಇಲಾಖೆಯ ವಿಷಯ ಎಂದು ಬಿಡುತ್ತೇವೆ. ಮಳೆ ಬಂದು ಹಳ್ಳ ಉಕ್ಕಿದರೆ ಅದು ಕಂದಾಯ ಇಲಾಖೆಯ ವಿಷಯ, ಪುರಸಭೆಯ ವಿಷಯ ಎನ್ನುತ್ತೇವೆ. ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡವರಿಗೆ ಇವು ಎರಡು ವಿಷಯಗಳಲ್ಲ. ಬೆಟ್ಟ ಸುಟ್ಟ ದಿನವೇ ಆ ವರ್ಷದ ಮಳೆಗಾಲದ ತಯಾರಿ ಶುರುವಾಗಬೇಕು.

ನಮ್ಮ ಬೆಟ್ಟಗಳ ಗುಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ರಾಯದುರ್ಗದ ದುರ್ಗದ ಬೆಟ್ಟವಾಗಲಿ, ಮಡಕಶಿರದ ಊರಮೇಲಿನ ಬೆಟ್ಟವಾಗಲಿ, ಗ್ರಾನೈಟಿನವು. ಮೇಲೆ ಹಾಸುಬಂಡೆ, ಇಳಿಜಾರಿನಲ್ಲಿ ಉಂಡೆಗುಂಡುಗಳು, ಗುಂಡುಗಳ ನಡುವೆ ಗರಸು. ಈ ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ. ಬಂಡೆಯ ಸೀಳುಗಳಲ್ಲಿ ನೀರಿಳಿದು ಸುತ್ತಲಿನ ಕಲ್ಲು ಸಾವಿರಾರು ವರ್ಷ ಶಿಥಿಲವಾಗಿ ಗರಸಾಯಿತು, ಗಟ್ಟಿಯಾದ ತಿರುಳು ಗುಂಡಾಗಿ ಉಳಿಯಿತು. ಎಷ್ಟೋ ಗುಂಡುಗಳಿಗೆ ಈಗ ಆಧಾರವಾಗಿರುವುದು ಆ ಗರಸೇ. ಗರಸನ್ನು ಹಿಡಿದಿಟ್ಟಿರುವುದು ಹುಲ್ಲು, ಬಂದರೆ ಗಿಡ, ಕಾರೆ, ಸೀತಾಫಲ, ಜಾಲಿಗಳ ಬೇರು. ಹಾಸುಬಂಡೆಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಹನಿಯೂ ಇಂಗುವುದಿಲ್ಲ. ಅಷ್ಟೂ ಕೆಳಗಿನ ಗರಸಿನ ಇಳಿಜಾರಿಗೆ ಒಮ್ಮೆಲೇ ಧುಮುಕುತ್ತದೆ. ಆ ಇಳಿಜಾರು ಗಿಡಗಂಟಿಯಿಂದ ಮುಚ್ಚಿದ್ದರೆ ನೀರಿನ ವೇಗ ಮುರಿಯುತ್ತದೆ. ಬೋಳಾಗಿದ್ದರೆ ಏನಾಗುತ್ತದೆ ಎಂಬುದು ಇಂದಿನ ಪ್ರಶ್ನೆ.

ಹಿಂದಿನವರು ಹಾಸುಬಂಡೆಯ ಈ ಗುಣವನ್ನು ಬಲ್ಲವರಾಗಿದ್ದರು. ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಸಂತೆ ಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಕುಡಿಯುವ ನೀರಿನ ವ್ಯವಸ್ಥೆ ಎಂದು ನಾವು ಅದನ್ನು ಹೊಗಳುತ್ತೇವೆ. ಬಂಡೆಯಿಂದ ಧುಮುಕುವ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಕೆಳಗಿನ ಊರನ್ನು ಕಾಯುವ ವ್ಯವಸ್ಥೆಯೂ ಅದೇ.

ಈಗ ಬೆಂಕಿಯ ಕೆಲಸ ನೋಡೋಣ. ಮೊದಲು ಎಲೆ, ತರಗು, ಹುಲ್ಲು ಹೋಗುತ್ತವೆ. ಹನಿಯ ಪೆಟ್ಟನ್ನು ತಾವು ತಿಂದು ಮಣ್ಣನ್ನು ಉಳಿಸುತ್ತಿದ್ದ ಹೊದಿಕೆ ಇಲ್ಲವಾಗುತ್ತದೆ. ಹನಿ ನೇರವಾಗಿ ಮಣ್ಣಿಗೆ ಬಡಿದಾಗ ನುಣ್ಣನೆಯ ಕಣಗಳು ಸಿಡಿದು, ಬೂದಿಯ ಜೊತೆ ಸೇರಿ, ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಎರಡನೆಯದು ಕಣ್ಣಿಗೆ ಕಾಣದ್ದು. ಗಿಡಗಳಲ್ಲಿ ಮೇಣದಂಥ, ಅಂಟಿನಂಥ ಪದಾರ್ಥಗಳಿರುತ್ತವೆ. ಬಂದರೆಯ ಎಲೆಯನ್ನು ಮುಟ್ಟಿ ನೋಡಿದವರಿಗೆ ಆ ಜಿಗುಟು ಗೊತ್ತು. ಬೆಂಕಿ ಬಲವಾಗಿ, ಹೆಚ್ಚು ಹೊತ್ತು ಉರಿದರೆ ಇವು ಆವಿಯಾಗಿ, ಒಂದಷ್ಟು ಪಾಲು ಕೆಳಗಿನ ತಂಪಾದ ಮಣ್ಣಿಗಿಳಿದು, ಕಣಗಳ ಸುತ್ತ ಲೇಪದಂತೆ ಕೂರುತ್ತದೆ. ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಕೆಳಗೆ ನೀರನ್ನು ಒಲ್ಲೆನ್ನುವ ಪದರ ಹೀಗೆ ಹುಟ್ಟುತ್ತದೆ. ಮಳೆ ಬಿದ್ದಾಗ ಅದರ ಮೇಲಿನ ತೆಳ್ಳನೆಯ ಮಣ್ಣು ಬೇಗನೆ ನೆನೆದು, ನೆನೆದಷ್ಟೂ ಜಾರಿ ಬರುತ್ತದೆ. ಒಂದೊಂದು ಕೊರಕಲಿನಲ್ಲಿ ಇಳಿದ ನೀರು, ಬೂದಿ, ಗರಸು ಒಂದು ಹಳ್ಳದಲ್ಲಿ ಕೂಡಿದಾಗ ಹಳ್ಳದ ತಳದಲ್ಲಿದ್ದ ಕಲ್ಲುಗಳನ್ನೂ ಎತ್ತಿಕೊಳ್ಳುತ್ತವೆ. ಆಗ ಹರಿಯುವುದು ನೀರಲ್ಲ, ಹದವಾಗಿ ಕಲಸಿದ ಕಾಂಕ್ರೀಟಿನಂಥದ್ದು. ದೊಡ್ಡ ಕಲ್ಲುಗಳು ಅದರ ಮುಂದೆ ಬರುತ್ತವೆ. ನೀರಿನ ಹೊಳೆ ಸುತ್ತುವರಿಯುವ ಗೋಡೆಯನ್ನು ಇದು ಕೆಡವಿಯೇ ಮುಂದೆ ಹೋಗುತ್ತದೆ.

ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಅಳೆದು ನೋಡಿರುವುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. 2017ರ ಡಿಸೆಂಬರ್ 4ರಂದು ಹೊತ್ತಿದ ಥಾಮಸ್ ಕಾಡ್ಗಿಚ್ಚು 2,81,000ಕ್ಕೂ ಹೆಚ್ಚು ಎಕರೆ ಸುಟ್ಟಿತು. ಅದು ಪೂರ್ತಿ ಹತೋಟಿಗೆ ಬಂದಿದೆ ಎಂದು ಘೋಷಿಸುವ ಮೊದಲೇ, 2018ರ ಜನವರಿ 9ರ ನಸುಕಿನಲ್ಲಿ, ಬೆಟ್ಟದ ಬುಡದ ಮಾಂಟೆಸಿಟೊ ಎಂಬ ಊರಿನ ಮೇಲೆ ಮಳೆ ಸುರಿಯಿತು. ಐದು ನಿಮಿಷದಲ್ಲಿ ಸುಮಾರು 13 ಮಿಲಿಮೀಟರ್. ಹಳ್ಳಗಳಲ್ಲಿ ಕೆಸರು, ಬಂಡೆ, ಸುಟ್ಟ ಮರಗಳು ಕೂಡಿ ಇಳಿದವು. ಸತ್ತವರು ಮತ್ತು ಮರಳಿ ಸಿಗದವರು ಸೇರಿ 23 ಜನ. ನೂರಕ್ಕೂ ಹೆಚ್ಚು ಮನೆಗಳು ನೆಲಸಮವಾದವು.

ಆ ಊರಿನಲ್ಲಿ ಎಚ್ಚರಿಕೆ ಇರಲಿಲ್ಲ ಎಂದು ತಿಳಿಯಬೇಡಿ. ವಿಜ್ಞಾನಿಗಳು ಮೊದಲೇ ಹೇಳಿದ್ದರು, ಅಧಿಕಾರಿಗಳು ಜನರನ್ನು ತೆರವು ಮಾಡುವ ಆದೇಶವನ್ನೂ ಹೊರಡಿಸಿದ್ದರು. ಆದರೆ ಒಂದು ರಸ್ತೆಯನ್ನು ಗಡಿಯಾಗಿ ಇಟ್ಟುಕೊಂಡರು. ರಸ್ತೆಯ ಮೇಲ್ಭಾಗದವರು ಕಡ್ಡಾಯವಾಗಿ ಹೊರಡಬೇಕು, ಕೆಳಭಾಗದವರು ಇಷ್ಟವಿದ್ದರೆ ಹೊರಡಬಹುದು ಎಂದರು. ಸತ್ತವರಲ್ಲಿ ಹೆಚ್ಚಿನವರು ಕೆಳಭಾಗದವರು. ಕೆಸರು ಹಳ್ಳದ ದಾರಿ ಹಿಡಿದು ರಸ್ತೆ ದಾಟಿ ಬಂದಿತ್ತು. ಈ ಒಂದು ಸಂಗತಿ ನಮ್ಮ ತಾಲ್ಲೂಕುಗಳಿಗೆ ಎಷ್ಟು ಹತ್ತಿರದ್ದು ಎಂಬುದನ್ನು ಆಮೇಲೆ ಹೇಳುತ್ತೇನೆ.

ಹಾಗಾದರೆ ನಮ್ಮ ಬೆಟ್ಟಗಳಲ್ಲೂ ಮಾಂಟೆಸಿಟೊ ಆಗುತ್ತದೆಯೇ? ಹೆದರಿಸುವುದು ನನ್ನ ಉದ್ದೇಶವಲ್ಲ, ಆದ್ದರಿಂದ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಬೆಂಕಿ ಬಹುಪಾಲು ಹುಲ್ಲಿನ ಬೆಂಕಿ. ಅದು ಬೇಗ ಓಡುತ್ತದೆ, ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮಣ್ಣನ್ನು ಆಳಕ್ಕೆ ಕಾಯಿಸುವುದಿಲ್ಲ. ಹುಲ್ಲಿನ ಬುಡ ಜೀವಂತವಾಗಿದ್ದು ಎರಡು ಹದ ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಬೆಟ್ಟದ ಕೊರಕಲುಗಳಲ್ಲಿ, ಗುಂಡುಗಳ ಸಂದಿಗಳಲ್ಲಿ ವರ್ಷಗಟ್ಟಲೆ ಸೇರಿದ ತರಗು, ಒಣಗಿದ ಪೊದೆ, ಬಿದ್ದ ಕೊಂಬೆ ಇರುತ್ತವೆ. ಅಲ್ಲಿ ಬೆಂಕಿ ನಿಂತು ಉರಿಯುತ್ತದೆ. ದುರದೃಷ್ಟವೆಂದರೆ ನೀರು ಇಳಿಯುವ ದಾರಿಯೂ ಅದೇ ಕೊರಕಲು. ಇಡೀ ಬೆಟ್ಟ ಹಗುರವಾಗಿ ಸುಟ್ಟಿದ್ದರೂ ಊರಿನ ಮೇಲೆ ಬಾಯಿ ತೆರೆದಿರುವ ಒಂದು ಕೊರಕಲು ಆಳವಾಗಿ ಸುಟ್ಟಿದ್ದರೆ ಅಪಾಯಕ್ಕೆ ಅಷ್ಟು ಸಾಕು.

ಗ್ರಾನೈಟ್ ಬೆಟ್ಟ ಗಟ್ಟಿ, ಅದು ಕೊಡಗಿನಂತೆ, ವಯನಾಡಿನಂತೆ ಜಾರುವುದಿಲ್ಲ ಎಂಬ ನಂಬಿಕೆಯೂ ನಮ್ಮಲ್ಲಿದೆ. ಆದರೆ 2021ರ ಆಗಸ್ಟ್ 24ರ ರಾತ್ರಿ ಸುರಿದ ಮಳೆಗೆ ನಂದಿಬೆಟ್ಟದಲ್ಲಿ ಮಣ್ಣು-ಕಲ್ಲು ಇಳಿದು ಮೇಲೇರುವ ರಸ್ತೆ ಕಿತ್ತುಹೋಯಿತು, ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬೆಟ್ಟ ಮುಚ್ಚಿತ್ತು. ಅಲ್ಲಿ ಬೆಂಕಿಯ ಪಾತ್ರವಿರಲಿಲ್ಲ. ಗ್ರಾನೈಟ್ ಬೆಟ್ಟವೂ ಮಣ್ಣು-ಕಲ್ಲನ್ನು ಕೆಳಗಿಳಿಸಬಲ್ಲದು ಎಂಬುದಕ್ಕೆ ಅದು ನಮಗೆ ಅತಿ ಹತ್ತಿರದ ಸಾಕ್ಷಿ. ಹಾಗೆಯೇ ಎಲ್ಲ ಭೂಕುಸಿತವನ್ನೂ ಬೆಂಕಿಯ ತಲೆಗೆ ಕಟ್ಟುವುದು ಸರಿಯಲ್ಲ. 2014ರ ಮಾರ್ಚಿನಲ್ಲಿ ತಿರುಮಲದ ಶೇಷಾಚಲ ಕಾಡು ಹೊತ್ತಿ ಉರಿದು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. 2021ರ ನವೆಂಬರ್-ಡಿಸೆಂಬರಿನಲ್ಲಿ ಅದೇ ತಿರುಮಲದ ಘಾಟಿ ರಸ್ತೆಗೆ ಬಂಡೆಗಳು ಉರುಳಿದವು. ಎರಡರ ನಡುವೆ ಏಳು ವರ್ಷ, ಏಳು ಮಳೆಗಾಲ. ಇವನ್ನು ಒಂದಕ್ಕೊಂದು ಗಂಟು ಹಾಕಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಬೆಂಕಿಯ ನಂತರದ ಕೆಸರು-ಕಲ್ಲಿನ ಹರಿವಿನ ಕಾಲ ಮುಖ್ಯವಾಗಿ ಮೊದಲ ಎರಡು ವರ್ಷ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಾಗ ಇಂಥ ಅನಾಹುತವಾಗಲಿಲ್ಲ. ಅಲ್ಲಿನ ನೆಲ ಬಹುಪಾಲು ಏರಿಳಿತದ ಬಯಲು. ಇಳಿಜಾರು ಬೇಕು, ಆಳವಾದ ಸುಡುವಿಕೆ ಬೇಕು, ಸಡಿಲ ಮಣ್ಣು ಬೇಕು, ಅಲ್ಪಕಾಲದ ಬಿರುಸು ಮಳೆ ಬೇಕು. ನಾಲ್ಕೂ ಕೂಡಿದಲ್ಲಿ ಮಾತ್ರ ಈ ಅಪಾಯ. ಅಮೆರಿಕದ ಭೂಸರ್ವೇಕ್ಷಣೆಯವರು ಲೆಕ್ಕ ಹಾಕುವಾಗ 23 ಡಿಗ್ರಿ ಹಾಗೂ ಅದಕ್ಕಿಂತ ಕಡಿದಾದ ಸುಟ್ಟ ಇಳಿಜಾರನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ನಮ್ಮ ದುರ್ಗಗಳನ್ನು ಕಟ್ಟಿದವರು ಹುಡುಕಿ ಆರಿಸಿದ್ದು ಇದಕ್ಕಿಂತ ಕಡಿದಾದ ಬೆಟ್ಟಗಳನ್ನೇ.

ಎಲ್ಲಿ ಆಳವಾಗಿ ಸುಟ್ಟಿದೆ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಬೆಂಕಿ ಪೂರ್ತಿ ಆರಿ ಕೆಲವು ದಿನ ಕಳೆದ ಮೇಲೆ ಅರಣ್ಯ ಇಲಾಖೆಯವರ ಜೊತೆ ಬೆಟ್ಟದ ಬುಡದ ಕೊರಕಲುಗಳಿಗೆ ಹೋಗಿ ನೋಡಿ. ಬೂದಿ ಕಪ್ಪಗಿದ್ದರೆ ಅರೆಬರೆ ಸುಟ್ಟಿದೆ. ಬೆಳ್ಳಗಿದ್ದರೆ ಏನೂ ಉಳಿಯದಂತೆ ಸುಟ್ಟಿದೆ. ಸುಟ್ಟ ಹುಲ್ಲಿನ ಬುಡವನ್ನು ಹಿಡಿದು ಎಳೆಯಿರಿ. ಬಿಗಿಯಾಗಿದ್ದರೆ ಬೇರು ಬದುಕಿದೆ, ಕೈಯಲ್ಲೇ ಕಿತ್ತು ಬಂದರೆ ಇಲ್ಲ. ಬೂದಿಯನ್ನು ಸರಿಸಿ ಒಣ ಮಣ್ಣಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಕೂಡಲೇ ಇಂಗಿದರೆ ಒಳ್ಳೆಯದು. ಹನಿ ಗುಂಡಗೆ ನಿಂತು ಐದು ಸೆಕೆಂಡಿಗೂ ಇಂಗದಿದ್ದರೆ ಆ ಮಣ್ಣು ನೀರನ್ನು ತಳ್ಳುತ್ತಿದೆ. ಒಂದೆರಡು ಸೆಂಟಿಮೀಟರ್ ಕೆರೆದು ಮತ್ತೆ ಬಿಟ್ಟು ನೋಡಿ. ಹೈಸ್ಕೂಲು ಮಕ್ಕಳು ತಮ್ಮ ಮೇಷ್ಟ್ರ ಜೊತೆ ಮಾಡಬಹುದಾದ ಕೆಲಸ ಇದು. ಬೆಂಕಿ ಎಲ್ಲಿ ಬಿತ್ತು ಎಂಬುದನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದಿಂದ ಗುರುತಿಸಿ, ಹೆಸರು ನೋಂದಾಯಿಸಿದ ಯಾರಿಗಾದರೂ ಸಂದೇಶ ಕಳಿಸುತ್ತದೆ. ಅದರ ಒಂದು ಚುಕ್ಕೆ 375 ಮೀಟರ್ ಅಗಲದ ನೆಲ. ಯಾವ ಬೆಟ್ಟ ಎಂದು ಅದು ಹೇಳುತ್ತದೆ, ಯಾವ ಕೊರಕಲು ಎಂಬುದನ್ನು ನಡೆದೇ ನೋಡಬೇಕು.

ಬೆಂಕಿ ಹಚ್ಚುವವರ ವಿಷಯವನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾರೆ. ಕುರಿಗಾರರನ್ನು ದೂರುವುದು ನಮ್ಮ ರೂಢಿ. ಹಳೆಯ ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆ ಎಂಬುದು ಅವರ ಅನುಭವ, ಆ ಅನುಭವ ಸುಳ್ಳಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಇಡುವುದು ಅಪರಾಧ ಎಂಬುದೂ ನಿಜ. ಆದರೆ ಊರಿನ ಮೇಲಿನ ಕೊರಕಲು ಸುಟ್ಟರೆ ಮೊದಲು ಕೊಚ್ಚಿಹೋಗುವುದು ಹಳ್ಳದ ದಂಡೆಯಲ್ಲಿ ಹಾಕಿದ ಅವರದೇ ರೊಪ್ಪ. ಇದನ್ನು ಪೊಲೀಸರ ಬಾಯಿಂದ ಹೇಳಿಸುವುದಕ್ಕಿಂತ ಕುರಿಗಾರ ಹಿರಿಯರನ್ನು ಕೂರಿಸಿಕೊಂಡು ಮಾತಾಡುವುದು ಮೇಲು. ಬೆಟ್ಟದ ಯಾವ ಮುಖದಲ್ಲಿ ಬೆಂಕಿ ಹೇಗೆ ಓಡುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಬೆಂಕಿಗೂ ಮೊದಲ ಬಿರುಸು ಮಳೆಗೂ ನಡುವೆ ಸಿಗುವುದು ಕೆಲವೇ ವಾರ. ಅಶ್ವಿನಿ, ಭರಣಿಯ ಅಡ್ಡಮಳೆ ಗುಡುಗಿನೊಡನೆ ಬರುವಷ್ಟರಲ್ಲಿ ಏನು ಮಾಡಬಹುದು? ಹಳ್ಳವನ್ನು ಬುಡದಿಂದ ಕೆರೆಯವರೆಗೆ ನಡೆದು ನೋಡುವುದು ಮೊದಲ ಕೆಲಸ. ಎಲ್ಲಿ ಮನೆ ಕಟ್ಟಿ ಹಳ್ಳವನ್ನು ಇಕ್ಕಟ್ಟು ಮಾಡಿದ್ದಾರೆ, ಎಲ್ಲಿ ರಸ್ತೆಯ ಮೋರಿಯಲ್ಲಿ ಕಸ ತುಂಬಿದೆ, ಎಲ್ಲಿ ಕಟ್ಟಡದ ಮಣ್ಣು ಸುರಿದಿದ್ದಾರೆ ಎಂಬುದು ಆಗ ತಿಳಿಯುತ್ತದೆ. ಮೋರಿ ಕಟ್ಟಿಕೊಂಡಲ್ಲಿ ಕೆಸರು ಹಳ್ಳ ಬಿಟ್ಟು ಬೀದಿಗೆ ತಿರುಗುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಹಿಂದೆ ಹಾಕಿದ ಕಲ್ಲುಕಟ್ಟೆಗಳಲ್ಲಿ ಹೂಳು ತುಂಬಿದ್ದರೆ ಈಗಲೇ ತೆಗೆಯಬೇಕು. ತುಂಬಿದ ಕಟ್ಟೆ ಏನನ್ನೂ ತಡೆಯುವುದಿಲ್ಲ. ಒಡೆದರೆ ತನ್ನ ಕಲ್ಲುಗಳನ್ನೂ ಹರಿವಿಗೆ ಸೇರಿಸುತ್ತದೆ. ಕೆರೆಯ ಕೋಡಿಯ ಮುಂದೆ ಬೆಳೆದ ಜಾಲಿ ಕಡಿಯಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ನೆಲ-ಜಲದ ಕೆಲಸಗಳಿಗೆ ಅವಕಾಶವಿದೆ, ಬೇಸಿಗೆಯಲ್ಲಿ ಜನಕ್ಕೆ ಕೂಲಿಯೂ ಬೇಕು. ಆ ಕೆಲಸವನ್ನು ಸುಟ್ಟ ಬೆಟ್ಟದ ಹಳ್ಳಕ್ಕೆ ಮೊದಲು ಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಸುಟ್ಟ ಇಳಿಜಾರಿಗೆ ಹುಲ್ಲು ಹೊದಿಸುವುದು ಬೇರೆ ದೇಶಗಳಲ್ಲಿ ಫಲ ಕೊಟ್ಟ ಉಪಾಯ. ನಮ್ಮಲ್ಲಿ ಮೇವಿಗೇ ಹುಲ್ಲಿಲ್ಲ, ಶೇಂಗಾ ಹೊಟ್ಟು ಮಾರಿ ಬದುಕುವ ರೈತನಿಗೆ ಅದನ್ನು ಬೆಟ್ಟಕ್ಕೆ ಹರಡು ಎನ್ನಲಾಗದು. ಅದರ ಬದಲು ಬುಡದ ಹೊಲಗಳ ಬೇಲಿ ಸವರಿದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ನೆಲಕ್ಕೆ ಅಂಟುವಂತೆ ಹಾಸಬಹುದು. ಕಡಿದಾದ ಸುಟ್ಟ ಮುಖದಲ್ಲಿ ಗುಂಡಿ, ಕಂದಕ ತೋಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಇರುವ ಗರಸನ್ನೂ ಅದು ಸಡಿಲ ಮಾಡುತ್ತದೆ.

ಮಳೆಯನ್ನು ಅಳೆಯುವ ಬಗೆಯಲ್ಲೂ ಒಂದು ತೊಡಕಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ಕ್ಕೆ ಅತಿಭಾರಿ. ಕೆರೆಗೆ, ನದಿಗೆ ಈ ಲೆಕ್ಕ ಸರಿ. ಸುಟ್ಟ ಕೊರಕಲಿಗೆ ದಿನದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಕಾಲು ಗಂಟೆಯ ಲೆಕ್ಕ ಬೇಕು. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಅರ್ಧ ಗಂಟೆಗೆ 7 ಮಿಲಿಮೀಟರ್ ಬಿದ್ದಾಗಲೂ ಸುಟ್ಟ ಬೆಟ್ಟ ಇಳಿದದ್ದುಂಟು. ಆ ಅಂಕಿಯನ್ನು ಇಲ್ಲಿಗೆ ತಂದರೆ ಪ್ರತಿ ಗುಡುಗು ಮಳೆಗೂ ಜನರನ್ನು ಓಡಿಸಬೇಕಾಗುತ್ತದೆ. ನಮ್ಮ ಬೆಟ್ಟದ ಅಂಕಿಯನ್ನು ನಾವೇ ಕಂಡುಕೊಳ್ಳಬೇಕು. ಶಾಲೆಯ ಮಾಳಿಗೆಯ ಮೇಲೊಂದು ಮಳೆಮಾಪಕ, ಕಾಲು ಗಂಟೆಗೊಮ್ಮೆ ಬರೆದಿಟ್ಟ ಅಳತೆ, ಅದೇ ಹೊತ್ತಿಗೆ ಹಳ್ಳದಲ್ಲಿ ಏನು ಬಂತು ಎಂಬ ಟಿಪ್ಪಣಿ. ಮೊದಲ ಸಣ್ಣ ಮಳೆಗಳೇ ಹೇಳುತ್ತವೆ. ಅಷ್ಟಕ್ಕೇ ಹಳ್ಳದಲ್ಲಿ ಕಪ್ಪು ನೀರು, ಗರಸು ಇಳಿದರೆ ದೊಡ್ಡ ಮಳೆಗೆ ಏನಾದೀತು ಎಂದು ಊಹಿಸಬಹುದು.

ಇನ್ನು ಗಡಿಯ ಮಾತು. ಆಂಧ್ರದ ಮಡಕಶಿರವನ್ನು ಕರ್ನಾಟಕದ ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳು ಸುತ್ತುವರಿದಿವೆ. ರಾಯದುರ್ಗಕ್ಕೆ ಮೊಳಕಾಲ್ಮುರು, ಚಳ್ಳಕೆರೆ, ಬಳ್ಳಾರಿ ನೆರೆ. 2022ರ ಏಪ್ರಿಲಿನಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ನಮ್ಮ ಎರಡು ತಾಲ್ಲೂಕುಗಳ ನಡುವೆಯೇ ಇನ್ನೊಂದು ಗೆರೆ ಬಿದ್ದಿದೆ. ಆ ವರ್ಷವೇ, 1933ರ ನಂತರ ಮೊದಲ ಬಾರಿಗೆ, ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅಲ್ಲಿಂದ ವೇದಾವತಿಯ ನೀರು ರಾಜ್ಯದ ಗೆರೆ ದಾಟಿ ಭೈರವಾನಿ ತಿಪ್ಪ ಜಲಾಶಯದ ಕಡೆ ಬಂತು. ನೀರಿಗೆ ಇಂಥ ಗೆರೆಗಳು ಲೆಕ್ಕವಿಲ್ಲ, ಮಾಂಟೆಸಿಟೊದಲ್ಲಿ ರಸ್ತೆಯನ್ನು ಗಡಿ ಎಂದುಕೊಂಡ ತಪ್ಪೂ ಇದೇ. ಗಡಿಯ ಗುಡ್ಡದ ಬೆಂಕಿ ಒಂದು ರಾಜ್ಯದ ದಾಖಲೆಯಲ್ಲಿ, ಅದರ ಬುಡದ ಮನೆಗಳು ಇನ್ನೊಂದು ರಾಜ್ಯದ ದಾಖಲೆಯಲ್ಲಿ ಇರುತ್ತವೆ. ಆದ್ದರಿಂದ ಪಟ್ಟಿಯನ್ನು ವಾರ್ಡು, ಮಂಡಲ, ಜಿಲ್ಲೆಗಳ ಪ್ರಕಾರ ಮಾಡದೆ ಹಳ್ಳದ ಪ್ರಕಾರ ಮಾಡಿ. ಈ ಹಳ್ಳದ ದಂಡೆಯಲ್ಲಿ ಇಷ್ಟು ಮನೆ, ಇವುಗಳಲ್ಲಿ ಎದ್ದು ನಡೆಯಲಾರದ ಮುದುಕರು ಇಂಥವರು, ಬಾಣಂತಿ ಇರುವ ಮನೆ ಇದು, ರೊಪ್ಪ ಇಲ್ಲಿ ಎಂದು ಬರೆಯಿರಿ. ಎಚ್ಚರಿಕೆಯ ಸಂದೇಶ ಮೊಬೈಲಿಗೆ ತೆಲುಗಿನಲ್ಲಿ ಬರುತ್ತದೆ. ಮಾತಾಡಲು ನಮಗೆಲ್ಲ ತೆಲುಗು ಬರುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿ ನಡುರಾತ್ರಿ ಆ ಅಕ್ಷರಗಳನ್ನು ಓದಿ ಎದ್ದು ಹೊರಡುತ್ತಾರೆಂದು ನಂಬಿ ಕೂರಬಾರದು. ಗುಡಿಯ ಮೈಕು, ಮಸೀದಿಯ ಮೈಕು ಇವೆ. ಯಾರು, ಯಾವಾಗ, ಯಾವ ಮಾತಿನಲ್ಲಿ ಕೂಗಬೇಕು ಎಂಬುದು ಬೇಸಿಗೆಯಲ್ಲೇ ನಿಶ್ಚಯವಾಗಲಿ.

ಆ ರಾತ್ರಿ ಬಂದೇ ಬಂದರೆ ಮಾಡಬೇಕಾದ್ದು ಹೆಚ್ಚಿಲ್ಲ, ಆದರೆ ಬೇಗ ಮಾಡಬೇಕು. ಬೆಟ್ಟದ ಕಡೆಯಿಂದ ಗುಡುಗಿನಂಥ ಸದ್ದು ನಿಲ್ಲದೆ ಕೇಳಿದರೆ, ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪು-ಕಪ್ಪಾದರೆ ಅಥವಾ ಮಳೆ ಸುರಿಯುತ್ತಿರುವಾಗಲೇ ಹರಿವು ನಿಂತುಹೋದರೆ, ಮೇಲೆ ಎಲ್ಲೋ ಕಲ್ಲು-ಮಣ್ಣು ಕೂಡಿದೆ ಎಂದರ್ಥ. ಹಳ್ಳದ ದಾರಿ ಹಿಡಿದು ಕೆಳಗೆ ಓಡಬೇಡಿ, ಅದು ನಿಮಗಿಂತ ಬೇಗ ಬರುತ್ತದೆ. ಅಡ್ಡಲಾಗಿ, ದಿಣ್ಣೆಯ ಕಡೆಗೆ ನಡೆಯಿರಿ. ನೋಡಲು ಸೇತುವೆಯ ಮೇಲೆ ನಿಲ್ಲಬೇಡಿ. ಬೈಕಿನಲ್ಲಿ, ಆಟೋದಲ್ಲಿ ದಾಟಬೇಡಿ. ಹೊರಡಲು ಹೊತ್ತಿಲ್ಲದಿದ್ದರೆ ಬೆಟ್ಟದ ಕಡೆಯ ಕೋಣೆ ಬಿಟ್ಟು ಮಾಳಿಗೆ ಹತ್ತಿ. ಒಂದು ಅಲೆ ಹೋದ ಮೇಲೆ ಮುಗಿಯಿತೆಂದು ಸಾಮಾನು ತರಲು ಮರಳಬೇಡಿ, ಇವು ಒಂದರ ಹಿಂದೊಂದು ಬರುತ್ತವೆ. ಸಹಾಯಕ್ಕೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077.

ಮೊದಲ ವರ್ಷ ಏನೂ ಆಗದಿದ್ದರೆ ಪಟ್ಟಿಯನ್ನು ಹರಿದು ಹಾಕಬೇಡಿ. ನಮ್ಮ ಸೀಮೆಯಲ್ಲಿ ಮೊದಲ ವರ್ಷ ಬರವೇ ಬಂದುಬಿಡಬಹುದು. ಹುಲ್ಲು ಚಿಗುರದೆ ಬೆಟ್ಟ ಹಾಗೆಯೇ ಬೋಳಾಗಿ ಎರಡನೆಯ ವರ್ಷದ ಚಿತ್ತೆಯನ್ನು ಎದುರಿಸುತ್ತದೆ. ಎರಡು ಮಳೆಗಾಲ ಕಳೆದು, ಅದೇ ಕೊರಕಲಿಗೆ ಮತ್ತೆ ಹೋಗಿ, ಅದೇ ನಾಲ್ಕು ಹನಿ ಬಿಟ್ಟಾಗ ಮಣ್ಣು ಕೂಡಲೇ ಕುಡಿದರೆ, ಹುಲ್ಲಿನ ಬುಡ ಎಳೆದರೂ ಬಾರದಿದ್ದರೆ, ಆಗ ಆ ಹಳ್ಳದ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು.